ಬಾಟ್ಲಿ ಕಿತ್ತುಕೊಳ್ಳುವ ಮೊದಲು ನೀರು ಕೊಡಿ



ಇದು ಉದ್ದದ ಪೋಸ್ಟ್. ಪುರುಸೊತ್ತಲ್ಲಿ ಓದಿ. ಬೈಯುವುದಿದ್ದರೂ ಪೂರ್ತಿ ಓದಿಯೇ ಬೈಯಿರಿ.

ಮೊನ್ನೆ ಇಲ್ಲೇ ಎರಡು ಸಾಲು ಹಾಕಿದ್ದೆ. ಶಾಲೆ ಒಳಗೆ, ಶಾಲೆ ಗೇಟಿನ ಹತ್ತಿರ ಕೂಲ್ ಡ್ರಿಂಕ್ಸ್ ಮಾರುವುದನ್ನು ಸರಕಾರ ನಿಲ್ಲಿಸಬೇಕು ಅಂತ. ಅಷ್ಟಕ್ಕೇ ರಾತ್ರಿ ನಮ್ಮ ಸಂಘಟನೆಯ ಹುಡುಗನೊಬ್ಬನ ಫೋನ್. ನಾನು ಎತ್ತಿ ಆಡಿಸಿದ ಹುಡುಗ, ಈಗ ನನಗೇ ಪ್ರಶ್ನೆ ಕೇಳುವಷ್ಟು ಬೆಳೆದಿದ್ದಾನೆ. ಖುಷಿಯೇ. "ಅಣ್ಣಾ, ಮೊಟ್ಟೆ ಬೇಡ ಅಂದ್ರು. ಬೀಫ್ ಬೇಡ ಅಂದ್ರು. ಈಗ ನೀವು ಜ್ಯೂಸ್ ಬೇಡ ಅಂತೀರಿ. ನಮ್ಮ ಮಕ್ಕಳು ಎಂತ ತಿನ್ನಬೇಕು, ಎಂತ ಕುಡಿಯಬೇಕು ಅಂತ ಹೇಳುವವರ ಸಾಲಲ್ಲಿ ನೀವೂ ಹೋಗಿ ನಿಂತ್ರಾ?"

ಪ್ರಶ್ನೆ ಸಣ್ಣದಲ್ಲ. ಫೋನಲ್ಲಿ ಸರಿಯಾಗಿ ಉತ್ತರ ಕೊಡ್ಲಿಕ್ಕೆ ನನಗೆ ಆಗಲಿಲ್ಲ. ಹಾಗಾಗಿ ಬರೀತಾ ಇದ್ದೇನೆ. ತಮ್ಮಾ, ಇದು ನಿನಗೆ. ಉಳಿದವರೂ ಓದಿ.

ಮೊದಲು ಮನೆಯ ವಿಷಯ.

ನಮ್ಮಲ್ಲಿ ಸಕ್ಕರೆ ಅಂದರೆ ಅಂಗಡಿ ಸಾಮಾನು, ಶುಗರ್ ಅಂದರೆ ಕಾಯಿಲೆ. "ಅವರಿಗೆ ಶುಗರ್ ಉಂಟು" ಅಂದರೆ ಸಾಕು, ಮತ್ತೆ ಯಾರೂ ವಿವರ ಕೇಳುವುದಿಲ್ಲ. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಅವರಿಗೆ ಶುಗರ್ ಇದೆ ಅಂತ ಗೊತ್ತಾದದ್ದೇ ಕಾಲಿನ ಗಾಯ ಒಣಗದೆ ಆಸ್ಪತ್ರೆಗೆ ಹೋದಾಗ. ಎರಡು ಬೆರಳು ತೆಗೆದರು. ಬೀಡಿ ಸೂಪು ಮಡಿಲಲ್ಲಿ ಇಟ್ಟುಕೊಂಡು ಬೆಳಗ್ಗಿಂದ ಸಂಜೆಯವರೆಗೆ ಕೂತವರು, ಊಟದ ಹೊತ್ತು ತಪ್ಪಿಸಿ ಸಕ್ಕರೆ ಹಾಕಿದ ಚಾ ಕುಡಿದೇ ದಿನ ದೂಡಿದವರು. ನಮ್ಮ ಕಾಲನಿಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಸ್ಸು ಹತ್ತುವವರು ಇದ್ದಾರೆ. ದೊಡ್ಡ ಬಂಗಲೆಯಲ್ಲಿ ಇರುವವರಿಗೆ ಶುಗರ್ ಬಂದರೆ ಬೆಳಗ್ಗೆ ವಾಕಿಂಗ್, ಸಂಜೆ ಡಯಟ್. ನಮಗೆ ಬಂದರೆ ಕೂಲಿ ಹೋಗುತ್ತದೆ, ಕಾಲು ಹೋಗುತ್ತದೆ, ಮಗಳ ಕಾಲೇಜು ಹೋಗುತ್ತದೆ.

ಆದ್ದರಿಂದ ಇದು ಸಿರಿವಂತರ ಮಕ್ಕಳ ಬೊಜ್ಜಿನ ವಿಷಯ, ನಮಗೇನು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ತಮ್ಮ ಕೇಳಿದ ಮಾತಿಗೆ ಬರ್ತೇನೆ. ಅವನ ಮಾತಲ್ಲಿ ಸತ್ಯ ಇದೆ. ಆ ಬಾಟ್ಲಿಯ ಜೊತೆ ನಮಗೆ ಒಂದು ಸಂಬಂಧ ಇದೆ. ಮೇಲ್ಜಾತಿಯ ಡಾಕ್ಟ್ರುಗಳಿಗೆ, ಪೌಷ್ಟಿಕತೆಯ ಬಗ್ಗೆ ಸೆಮಿನಾರು ಮಾಡುವವರಿಗೆ ಅದು ಗೊತ್ತಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಈ ಜಿಲ್ಲೆಯ ಹೋಟೆಲುಗಳಲ್ಲಿ ನಮಗೆ ಚಾ ಕೊಡುತ್ತಿದ್ದದ್ದು ಗೆರಟೆಯಲ್ಲಿ. ಒಳಗೆ ಬೆಂಚು, ಹೊರಗೆ ನಾವು. ಮೇಲಿಂದ ಹೊಯ್ಯುವುದು, ಕುಡಿದಾದ ಮೇಲೆ ಗೆರಟೆ ಬಿಸಾಡುವುದು. ಬೇರೆ ಕಡೆ ಎರಡು ಲೋಟದ ಪದ್ಧತಿ, ಇಲ್ಲಿ ಗೆರಟೆ. ನಾನು ಶಾಲೆಗೆ ಹೋದದ್ದು ಎಂಬತ್ತರ ದಶಕದಲ್ಲಿ. ಆಗಲೂ ನಮ್ಮ ಶಾಲೆಯ ಮೂಲೆಯಲ್ಲಿ ನೀರಿನ ಮಡಕೆ ಇತ್ತು, ಅದರ ಮೇಲೆ ಅಲ್ಯೂಮಿನಿಯಂ ಲೋಟ ಇತ್ತು. ಮುಟ್ಟಬಾರದು ಅಂತ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾವು ಕೈ ಒಡ್ಡಿ ನಿಲ್ಲುತ್ತಿದ್ದೆವು, ಬೇರೆ ಹುಡುಗ ಮೇಲಿಂದ ಹೊಯ್ಯುತ್ತಿದ್ದ. ಅವನಿಗೆ ಆಟ ಬೇಕಾದ ದಿನ ನಮಗೆ ನೀರಿಲ್ಲ.

ಆ ದಿನಗಳಲ್ಲಿ ಗೋಳಿ ಸೋಡ ಅಂದರೆ ನಮಗೆ ಎಂತ ಅಂತ ಯೋಚಿಸಿ. ಅದಕ್ಕೆ ಲೋಟ ಇಲ್ಲ. ಬಾಟ್ಲಿಯ ಬಾಯಿಗೆ ನಮ್ಮದೇ ಬಾಯಿ. ದುಡ್ಡು ಕೊಟ್ಟರೆ ಎಲ್ಲರಿಗೂ ಅದೇ ಬಾಟ್ಲಿ. ಗೋಳಿ ಟಪ್ ಅಂತ ಒಳಗೆ ಬಿದ್ದಾಗ ಆಗುತ್ತಿದ್ದ ಖುಷಿ ಬರೀ ನಾಲಿಗೆಯದ್ದಲ್ಲ.

ನನ್ನ ಅಕ್ಕನ ಮದುವೆಗೆ ಊರಿನ ದೊಡ್ಡ ಮನೆಯವರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದೆವು. ಊಟಕ್ಕೆ ಏಳಲಿಲ್ಲ, "ಈಗಷ್ಟೇ ಆಯ್ತು" ಅಂದರು. ಆಮೇಲೆ ಅಂಗಡಿಯಿಂದ ಒಂದು ಬಾಟ್ಲಿ ತರಿಸಿ, ಅವರ ಕಣ್ಣೆದುರೇ ಮುಚ್ಚಳ ತೆಗೆದು ಕೊಟ್ಟಾಗ ಕುಡಿದರು. ನಮ್ಮ ಮನೆಯ ನೀರು ಆಗದು, ಕಂಪನಿಯ ನೀರು ಆದೀತು! ಆ ದಿನ ಅಪ್ಪ ಅದನ್ನೇ ದೊಡ್ಡ ಮರ್ಯಾದೆ ಅಂತ ತಿಳಿದರು. ನನಗೆ ಅದು ಮರ್ಯಾದೆ ಅಲ್ಲ ಅಂತ ಅರ್ಥ ಆಗಲಿಕ್ಕೆ ಹತ್ತು ವರ್ಷ ಬೇಕಾಯಿತು. ಇವತ್ತೂ ಚುನಾವಣೆ ಹೊತ್ತಿಗೆ ಕಾಲನಿಗೆ ಬರುವ ನಾಯಕರಲ್ಲಿ ಕೆಲವರು ಬೊಂಡ ಅಥವಾ ಸೀಲ್ ಇರುವ ಬಾಟ್ಲಿಗೆ ಮಾತ್ರ ಕೈ ಚಾಚುವುದನ್ನು ನೀವೂ ನೋಡಿರುತ್ತೀರಿ.

ಹಾಗಾಗಿ ಕಾಲನಿಯ ಅಮ್ಮ ಒಬ್ಬಳು ಮಗನ ಬರ್ತ್‌ಡೇಗೆ ಎರಡು ಲೀಟರಿನ ಬಾಟ್ಲಿ ತಂದರೆ ಅವಳಿಗೆ "ಅಜ್ಞಾನ" ಅನ್ನಬೇಡಿ. ಉಳಿದವರ ಮನೆಯಲ್ಲಿ ಇರುವುದು ನನ್ನ ಮನೆಯಲ್ಲೂ ಇರಲಿ ಅಂತ ಅವಳಿಗೆ ಆಸೆ. ನಮ್ಮ ತಮ್ಮನ ಸಿಟ್ಟಿನ ಬೇರು ಇಲ್ಲಿದೆ. ಆ ಸಿಟ್ಟು ನನಗೂ ಉಂಟು.

ಆದರೂ ನಿರ್ಬಂಧ ಬೇಕು ಅಂತಲೇ ಹೇಳ್ತೇನೆ. ಯಾಕೆ ಅಂತ ಕೇಳಿ.

ಇದೇ ಜೂನ್‌ನಲ್ಲಿ ಪುಸ್ತಕ ಹಂಚಲಿಕ್ಕೆ ನಗರದ ಒಂದು ಸರಕಾರಿ ಶಾಲೆಗೆ ಹೋಗಿದ್ದೆ. ಬೆಳಗ್ಗೆ ಒಂಬತ್ತೂವರೆ. ಗೇಟಿನ ಎದುರಿನ ಗೂಡಂಗಡಿಯಲ್ಲಿ ಐದನೆಯದ್ದೋ ಆರನೆಯದ್ದೋ ಕ್ಲಾಸಿನ ಹುಡುಗ, ಕೈಯಲ್ಲಿ ಹತ್ತು ರೂಪಾಯಿಯ ಸಣ್ಣ ಬಾಟ್ಲಿ. "ತಿಂಡಿ ಆಯ್ತಾ ಮಗಾ?" ಕೇಳಿದೆ. ಬಾಟ್ಲಿ ಎತ್ತಿ ತೋರಿಸಿದ. ಅದೇ ತಿಂಡಿ. ಅಮ್ಮ ಬೆಳಗ್ಗೆ ಆರಕ್ಕೆ ಫ್ಲಾಟ್ ಕೆಲಸಕ್ಕೆ ಹೋಗುತ್ತಾಳೆ, ಕೈಗೆ ಹತ್ತು ರೂಪಾಯಿ ಕೊಟ್ಟು ಹೋಗುತ್ತಾಳೆ. ಹತ್ತು ರೂಪಾಯಿಗೆ ಈ ಊರಲ್ಲಿ ಒಂದು ಪ್ಲೇಟ್ ಇಡ್ಲಿ ಬರುವುದಿಲ್ಲ. ಒಂದು ಬೊಂಡದ ಹತ್ತಿರಕ್ಕೂ ಹೋಗುವುದಿಲ್ಲ. ಕೋಲ ಬರುತ್ತದೆ.

ಲೆಕ್ಕ ಹಾಕಿ. ಸಾಮಾನ್ಯ ಕೋಲದಲ್ಲಿ 100 ಮಿ.ಲೀ.ಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ. 200 ಮಿ.ಲೀ. ಬಾಟ್ಲಿಯಲ್ಲಿ 20 ಗ್ರಾಂ, ಅಂದರೆ ನಾಲ್ಕು ಚಮಚ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ. ಈ ಹುಡುಗನ ಇಡೀ ದಿನದ ಪಾಲು ಪ್ರಾರ್ಥನೆಯ ಬೆಲ್ಲಿಗಿಂತ ಮೊದಲೇ ಖಾಲಿ. ಹೊಟ್ಟೆಗೆ ಬಿದ್ದದ್ದು ಮಾತ್ರ ಏನೂ ಇಲ್ಲ. ಹನ್ನೊಂದು ಗಂಟೆಗೆ ಅವನು ಡೆಸ್ಕಿನ ಮೇಲೆ ತಲೆ ಇಟ್ಟರೆ ಟೀಚರ್ ಅನ್ನುವುದೇನು? "ಇವರಿಗೆ ಓದಿನಲ್ಲಿ ಆಸಕ್ತಿ ಇಲ್ಲ." ಈ "ಇವರು" ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಸರಕಾರ ನಿರ್ಬಂಧ ಹಾಕಬೇಕಾ ಬೇಡವಾ ಅಂತ ನಾವು ಚರ್ಚೆ ಮಾಡ್ತಾ ಇದ್ದೇವೆ. ಆದರೆ ನಿರ್ಬಂಧ ಆಗಲೇ ಇದೆ! ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2020ರ ಸೆಪ್ಟೆಂಬರ್‌ನಲ್ಲೇ ಶಾಲಾ ಮಕ್ಕಳ ಆಹಾರದ ಬಗ್ಗೆ ನಿಯಮ ಹೊರಡಿಸಿದೆ. 2021ರ ಜುಲೈಯಿಂದ ಅದು ಜಾರಿ. ಕೊಬ್ಬು, ಉಪ್ಪು, ಸೇರಿಸಿದ ಸಕ್ಕರೆ ಜಾಸ್ತಿ ಇರುವ ಯಾವುದನ್ನೂ ಶಾಲೆಯ ಆವರಣದಲ್ಲಿ ಮಕ್ಕಳಿಗೆ ಮಾರುವ ಹಾಗಿಲ್ಲ. ಗೇಟಿನಿಂದ ಯಾವ ದಿಕ್ಕಿಗೂ 50 ಮೀಟರ್ ಒಳಗೆ ಮಾರುವ ಹಾಗಿಲ್ಲ. ಜಾಹೀರಾತೂ ಹಾಕುವ ಹಾಗಿಲ್ಲ. ಖಾಸಗಿ ಶಾಲೆಗೂ ಅದೇ, ಸರಕಾರಿ ಶಾಲೆಗೂ ಅದೇ.

ನಾಳೆ ಬೆಳಗ್ಗೆ ನಿಮ್ಮ ಮಕ್ಕಳ ಶಾಲೆ ಗೇಟಿನಿಂದ 50 ಮೀಟರ್ ಹೆಜ್ಜೆ ಹಾಕಿ ನೋಡಿ. ಎಷ್ಟು ಬಾಟ್ಲಿ ಲೆಕ್ಕ ಸಿಗುತ್ತದೆ ಅಂತ ಕಮೆಂಟಲ್ಲಿ ಹೇಳಿ. ತಂಬಾಕಿಗೂ 2003ರ ಕಾನೂನಿನಲ್ಲಿ ನೂರು ಗಜದ ಗೆರೆ ಹಾಕಿದ್ದಾರೆ. ಗೋಡೆಯಲ್ಲಿ ಹಳದಿ ಬೋರ್ಡು ಉಂಟು, ಅದರ ಕೆಳಗೇ ಗುಟ್ಕಾದ ಪ್ಯಾಕೆಟ್ ಬಿದ್ದಿರುತ್ತದೆ. ಇದೂ ಅಷ್ಟೇ.

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ "ಶುಗರ್ ಬೋರ್ಡ್" ಹಾಕಲು ಹೇಳಿತು. ಯಾವ ಪಾನೀಯದಲ್ಲಿ ಎಷ್ಟು ಚಮಚ ಸಕ್ಕರೆ ಅಂತ ಮಕ್ಕಳಿಗೆ ಕಾಣುವ ಹಾಗೆ ಬರೆಯುವುದು. ಆ ಸುತ್ತೋಲೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು 5% ಇರಬೇಕಾದಲ್ಲಿ, 4ರಿಂದ 10 ವರ್ಷದ ಮಕ್ಕಳಲ್ಲಿ 13%, 11ರಿಂದ 18 ವರ್ಷದವರಲ್ಲಿ 15% ಇದೆ. ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ಮಂಗಳೂರಿನಲ್ಲಿ ಸಿಬಿಎಸ್‌ಇ ಶಾಲೆಗೆ ಹೋಗುವವರು ಯಾರು? ಅಲ್ಲಿ ಎಸಿ ಬಸ್ಸು, ಕ್ಯಾಂಟೀನಿನಲ್ಲಿ ಫ್ರುಟ್ ಸಲಾಡ್, ಗೋಡೆಯಲ್ಲಿ ಶುಗರ್ ಬೋರ್ಡ್. ನಮ್ಮ ಮಕ್ಕಳ ಶಾಲೆಯ ಎದುರು ಹತ್ತು ರೂಪಾಯಿ ಬಾಟ್ಲಿ. ಹೀಗೇ ಬಿಟ್ಟರೆ ಇನ್ನು ಇಪ್ಪತ್ತು ವರ್ಷದಲ್ಲಿ ಶುಗರ್ ಕೂಡ ಜಾತಿ ನೋಡಿಯೇ ಬರುತ್ತದೆ.

ಹತ್ತು ರೂಪಾಯಿ ಅನ್ನುವುದು ಆಕಸ್ಮಿಕ ಅಲ್ಲ. 1977ರಲ್ಲಿ ದೇಶ ಬಿಟ್ಟು ಹೋದ ಕೋಕ ಕೋಲ 1993ರಲ್ಲಿ ವಾಪಸ್ ಬಂತು. 2003ರಲ್ಲಿ 200 ಮಿ.ಲೀ.ಗೆ ಐದು ರೂಪಾಯಿ ಅಂತ ಸಿನಿಮಾ ನಟರನ್ನು ಇಟ್ಟು ಹಳ್ಳಿಹಳ್ಳಿಗೆ ಜಾಹೀರಾತು ಮಾಡಿತು. 2023ರಲ್ಲಿ ರಿಲಯನ್ಸ್ ಹಳೆಯ ಕ್ಯಾಂಪಾವನ್ನು ಮತ್ತೆ ಮಾರುಕಟ್ಟೆಗೆ ತಂದದ್ದೂ ಹತ್ತು ರೂಪಾಯಿಯ ಬಾಟ್ಲಿಯ ಬಲದಲ್ಲೇ. ಕೆಲಸಕ್ಕೆ ಹೋಗುವ ತಾಯಿ ಮಗುವಿನ ಕೈಗೆ ಕೊಡುವ ನೋಟು ಯಾವುದು ಅಂತ ಕಂಪನಿಗೆ ಸರಿಯಾಗಿ ಗೊತ್ತು. ನಮ್ಮ ಬಡತನವನ್ನು ಸರಕಾರಕ್ಕಿಂತ ಚೆನ್ನಾಗಿ ಅಳೆದವರು ಇವರೇ.

ಗೂಡಂಗಡಿಯ ಅಕ್ಕನ ಹತ್ತಿರವೂ ಮಾತಾಡಿದೆ. ಅಂಗಡಿಯ ಅರ್ಧ ಜಾಗ ಒಂದು ಕೆಂಪು ಫ್ರಿಜ್. "ಫ್ರಿಜ್ ಕಂಪನಿಯವರು ಕೊಟ್ಟದ್ದು. ಬೇರೆ ಎಂತದ್ದೂ ಇಡುವ ಹಾಗಿಲ್ಲ. ಕರೆಂಟ್ ಬಿಲ್ ನಂದು" ಅಂದ್ರು. ಅಂಗಡಿಯ ಮೇಲಿನ ಬೋರ್ಡು ಕೂಡ ಕಂಪನಿಯದ್ದೇ. ಅಕ್ಕನ ಹೆಸರು ಮೂಲೆಯಲ್ಲಿ ಸಣ್ಣದಾಗಿ, ಬಾಟ್ಲಿಯ ಚಿತ್ರ ಗೇಟಿನಿಂದಲೇ ಕಾಣುವ ಹಾಗೆ. ಮಜ್ಜಿಗೆ ಇಡಬಹುದಲ್ಲ ಅಕ್ಕ ಅಂದೆ. "ಇಡಬಹುದು. ಮಧ್ಯಾಹ್ನಕ್ಕೆ ಹುಳಿ ಆಗ್ತದೆ. ಇದು ಆರು ತಿಂಗಳಾದ್ರೂ ಎಂತ ಆಗುದಿಲ್ಲ."

ಈ ಅಕ್ಕನ ಮಾತು ಕೇಳದೆ ಕಾನೂನು ಮಾಡಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. 2024ರಲ್ಲಿ ಇದೇ ಮಂಗಳೂರಿನಲ್ಲಿ ಮಹಾನಗರಪಾಲಿಕೆ "ಟೈಗರ್ ಕಾರ್ಯಾಚರಣೆ" ಅಂತ ಬೀದಿ ಬದಿಯ ಗಾಡಿಗಳನ್ನು ತೆರವು ಮಾಡಿದ್ದನ್ನು ನೋಡಿದ್ದೇವೆ, ವ್ಯಾಪಾರಿಗಳ ಜೊತೆ ರಸ್ತೆಯಲ್ಲಿ ಕೂತಿದ್ದೇವೆ. 50 ಮೀಟರ್ ನಿಯಮ ಜಾರಿ ಅಂದ ಕೂಡಲೇ ಮೊದಲು ಹಾರುವುದು ಈ ಗೂಡಂಗಡಿ. ಪಕ್ಕದ ಸೂಪರ್ ಮಾರ್ಕೆಟಿನ ಫ್ರಿಜ್ ಮುಟ್ಟಲಿಕ್ಕೆ ಯಾರೂ ಬರುವುದಿಲ್ಲ. ಆದ್ದರಿಂದ ನನ್ನ ಮಾತು ಸ್ಪಷ್ಟ: ದಂಡ ಹಾಕುವುದಾದರೆ ಬೋರ್ಡು ಹಾಕಿಸಿದವನಿಗೆ, ಫ್ರಿಜ್ ಇಟ್ಟವನಿಗೆ ಹಾಕಿ. ಅಕ್ಕನಿಗಲ್ಲ.

ಈ ಕಂಪನಿಗಳ ಎದುರು ನಿಂತವರು ನಮ್ಮಲ್ಲಿ ಇಲ್ಲ ಅಂತಲ್ಲ. ರೈಲು ಹತ್ತಿದರೆ ಕೆಲವೇ ಗಂಟೆಯ ದಾರಿ, ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡ. ಅಲ್ಲಿ 2000ದಲ್ಲಿ ಕೋಕ ಕೋಲ ಫ್ಯಾಕ್ಟರಿ ಶುರು ಆಯಿತು. ಸ್ವಲ್ಪ ಸಮಯದಲ್ಲೇ ಸುತ್ತಲಿನ ಬಾವಿಗಳ ನೀರು ಬಾಯಿಗೆ ಇಡಲಿಕ್ಕೆ ಆಗದ ಹಾಗಾಯಿತು. ಕುಡಿಯುವ ನೀರಿಗೆ ಮೈಲಿಗಟ್ಟಲೆ ನಡೆಯಬೇಕಾದ ಆದಿವಾಸಿ, ದಲಿತ ಹೆಂಗಸರು 2002ರಲ್ಲಿ ಫ್ಯಾಕ್ಟರಿ ಎದುರು ಚಪ್ಪರ ಹಾಕಿ ಕೂತರು. ಮುಂದೆ ನಿಂತವರು ಮಯಿಲಮ್ಮ. ಅಕ್ಷರ ಕಲಿಯದ ಆದಿವಾಸಿ ಹೆಂಗಸು. 2004ರ ಮಾರ್ಚ್‌ನಲ್ಲಿ ಫ್ಯಾಕ್ಟರಿ ನಿಂತಿತು. 2010ರಲ್ಲಿ ಸರಕಾರದ ಸಮಿತಿಯೇ 216 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಕೊಟ್ಟಿತು. ಪರಿಹಾರಕ್ಕೆ ಟ್ರಿಬ್ಯೂನಲ್ ಮಾಡುವ ಮಸೂದೆಯನ್ನು 2011ರಲ್ಲಿ ಕೇರಳ ವಿಧಾನಸಭೆ ಒಪ್ಪಿತು, ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. ಮಯಿಲಮ್ಮ 2007ರಲ್ಲೇ ತೀರಿಕೊಂಡರು. ಒಂದು ಕಡೆ ನಮ್ಮವರ ಬಾವಿಯ ನೀರು ಹೋಗುತ್ತದೆ, ಇನ್ನೊಂದು ಕಡೆ ನಮ್ಮವರ ಮಕ್ಕಳಿಗೇ ಅದು ಸಕ್ಕರೆ ಹಾಕಿ ವಾಪಸ್ ಬರುತ್ತದೆ. ತಮ್ಮಾ, ಬಾಟ್ಲಿ ಹಿಡಿಯುವುದು ನಮ್ಮ ಸ್ವಾತಂತ್ರ್ಯ ಅನ್ನುವ ಮೊದಲು ಮಯಿಲಮ್ಮನನ್ನೂ ಒಮ್ಮೆ ನೆನಪು ಮಾಡು.

ಇನ್ನು ಮೊಟ್ಟೆಯ ಮಾತು. ಇದು ಮುಖ್ಯ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. ಆಗ ಗಂಗಾವತಿಯ ಒಬ್ಬಳು ಹುಡುಗಿ ಎದ್ದು ನಿಂತು, ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಕೇಳಿದ್ದು ಇಡೀ ರಾಜ್ಯ ನೋಡಿತು. ಆ ಮಗುವಿನ ಧೈರ್ಯಕ್ಕೆ ಇವತ್ತೂ ನನ್ನ ಸಲಾಂ. ಈಗ ರಾಜ್ಯದಲ್ಲಿ 1ರಿಂದ 10ನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆ ಅಂತ ಆಗಿದೆ. ಅದು ಹೋರಾಟದಿಂದ ಬಂದದ್ದು.

ಆದರೆ ಮೊಟ್ಟೆ ಬೇಡ ಅನ್ನುವುದೂ ಕೋಲ ಬೇಡ ಅನ್ನುವುದೂ ಒಂದೇ ಅಲ್ಲ. ಮೊಟ್ಟೆ ನಮ್ಮ ಮಕ್ಕಳ ಎಲುಬಿಗೆ, ತಲೆಗೆ ಬೇಕಾದ್ದು. ಅದನ್ನು ತಡೆದವರು "ಮಡಿ" ಅನ್ನುವ ಕಾರಣಕ್ಕೆ ತಡೆದರು. ಕೋಲದಲ್ಲಿ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ಪ್ರೋಟೀನೂ ಇಲ್ಲ. ಬರೀ ಲಾಭ ಇದೆ, ಅದೂ ನಮ್ಮದಲ್ಲ. ಯಾರೋ ನಮ್ಮ ತಟ್ಟೆಗೆ ಕೈ ಹಾಕಿದರು ಅಂತ, ನಮ್ಮ ತಟ್ಟೆಗೆ ಬಿದ್ದದ್ದನ್ನೆಲ್ಲ ಕಣ್ಣು ಮುಚ್ಚಿ ತಿನ್ನಬೇಕು ಅಂತಿಲ್ಲ. ಇದೇ ಜಿಲ್ಲೆಯಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಅವರು ಕೊಟ್ಟದ್ದನ್ನು ತಿನ್ನುವುದಿಲ್ಲ ಅಂತ ಹೇಳುವುದೂ ನಮ್ಮ ಹೋರಾಟವೇ.

ಇನ್ನೊಂದು ತಮಾಷೆ ನೋಡಿ. ಮೊಟ್ಟೆ ತಿನ್ನದ ಮಕ್ಕಳಿಗೆ ಸರಕಾರ ಶೇಂಗಾ ಚಿಕ್ಕಿ ಕೊಡುತ್ತಿತ್ತು. 2025ರ ಆರಂಭದಲ್ಲಿ ಅದನ್ನು ನಿಲ್ಲಿಸಿತು, ಸಕ್ಕರೆ ಅಂಶ ಜಾಸ್ತಿ ಅನ್ನುವುದೂ ಒಂದು ಕಾರಣ. ಸರಿ. ಶಾಲೆಯ ಒಳಗೆ ಶೇಂಗಾದ ಜೊತೆ ಇರುವ ಸಕ್ಕರೆ ಇಲಾಖೆಗೆ ಕಂಡಿತು. ಗೇಟಿನ ಹೊರಗಿನ ಬಾಟ್ಲಿಯಲ್ಲಿ ಇರುವುದು ಕಾಣುವುದಿಲ್ಲವಾ?

"ಹಾಗಾದರೆ ನಮ್ಮ ಊರಿನ ಪುನರ್ಪುಳಿ ಶರಬತ್ತು? ಪುತ್ತೂರಿನ ಬಿಂದು ಜೀರ?" ಅಂತ ಕೇಳುವವರಿದ್ದಾರೆ. ಊರಿನದ್ದು ಅಂದ ಕೂಡಲೇ ಸಕ್ಕರೆ ಬೆಲ್ಲ ಆಗುವುದಿಲ್ಲ, ಬೆಲ್ಲ ಆದರೂ ಅದು ಸಕ್ಕರೆಯೇ. ನಿಯಮ ಬಾಟ್ಲಿಯ ಜಾತಿ ನೋಡಬಾರದು, ಒಳಗಿನ ಗ್ರಾಂ ನೋಡಬೇಕು. ಮಾವಿನ ಚಿತ್ರ ಹಾಕಿದ ಪೊಟ್ಟಣಕ್ಕೂ ಅದೇ ಅಳತೆ. ಬಣ್ಣದ ಎನರ್ಜಿ ಡ್ರಿಂಕ್ ಬಗ್ಗೆ ಹೇಳುವುದೇ ಬೇಡ. ಮಕ್ಕಳಿಗೆ ಸಲ್ಲದು ಅಂತ ಅದರ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಲಿಕ್ಕೆ ಭೂತಗನ್ನಡಿ ಬೇಕು. ಆಟದ ಮೈದಾನದಲ್ಲಿ ಹದಿಮೂರು ವರ್ಷದ ಹುಡುಗರ ಕೈಯಲ್ಲಿ ನಾನೇ ನೋಡಿದ್ದೇನೆ.

ಓಆರ್‌ಎಸ್ ಕಥೆ ಗೊತ್ತುಂಟಲ್ಲ? ಭೇದಿ ಆದ ಮಗುವಿಗೆ ಅಂತ ತಾಯಂದಿರು ಮೆಡಿಕಲ್ ಶಾಪಿಂದ ತರುತ್ತಿದ್ದ ಕೆಲವು ಪೊಟ್ಟಣಗಳಲ್ಲಿ ಇದ್ದದ್ದು ಸಿಹಿ ಪಾನೀಯ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್, ಇವುಗಳಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಒಬ್ಬರೇ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಓದು ಬಲ್ಲ ತಾಯಂದಿರೇ ಮೋಸ ಹೋದರು. ಹಾಗಿರುವಾಗ "ತಂದೆತಾಯಿ ನೋಡಿಕೊಳ್ಳಲಿ, ಸರಕಾರಕ್ಕೆ ಯಾಕೆ?" ಅನ್ನುವ ಮಾತಿಗೆ ಅರ್ಥ ಉಂಟಾ? ಕಂಪನಿಯ ಹತ್ತಿರ ಜಾಹೀರಾತಿನ ಕೋಟಿಗಳಿವೆ. ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವ ತಾಯಿಯ ಹತ್ತಿರ ಹತ್ತು ರೂಪಾಯಿ ಇದೆ. ಇವರಿಬ್ಬರ ನಡುವೆ ನಿಲ್ಲಬೇಕಾದದ್ದು ಸರಕಾರ. ಅದಕ್ಕೇ ಅದು ಇರುವುದು.

ಬೇರೆ ದೇಶಗಳು ಮಾಡಿವೆ. ಮೆಕ್ಸಿಕೋ 2014ರಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಹಾಕಿತು, 2025ರ ಮಾರ್ಚ್‌ನಿಂದ ಶಾಲೆಗಳಲ್ಲಿ ಜಂಕ್ ಫುಡ್ ಮಾರಾಟವನ್ನೇ ನಿಲ್ಲಿಸಿತು. ಚಿಲಿ 2016ರಲ್ಲಿ ಪ್ಯಾಕೆಟಿನ ಮುಂಭಾಗದಲ್ಲೇ ಕಪ್ಪು ಗುರುತು ಹಾಕಿಸಿತು, ಓದಲು ಬಾರದವರಿಗೂ ಗೊತ್ತಾಗುವ ಹಾಗೆ. ಬ್ರಿಟನ್ 2018ರಲ್ಲಿ ಸಕ್ಕರೆಯ ಪ್ರಮಾಣ ನೋಡಿ ಕಂಪನಿಗೆ ತೆರಿಗೆ ಹಾಕಿತು, ಕಂಪನಿಗಳು ತಾವಾಗಿಯೇ ಸಕ್ಕರೆ ಇಳಿಸಿದವು. ನಮ್ಮಲ್ಲೂ ಸಕ್ಕರೆ ಸೇರಿಸಿದ ಸೋಡಾ ಪಾನೀಯಗಳಿಗೆ 40% ಜಿಎಸ್‌ಟಿ ಇದೆ. ಆ ಹುಡುಗ ಕುಡಿದ ಬಾಟ್ಲಿಯಲ್ಲೂ ಸರಕಾರಕ್ಕೆ ಪಾಲು ಹೋಗಿದೆ. ಅವನ ಶಾಲೆಗೆ ಅದರಲ್ಲಿ ಎಷ್ಟು ವಾಪಸ್ ಬಂತು?

ಈಗ ನನ್ನ ಮುಖ್ಯ ಮಾತಿಗೆ ಬಂದೆ.

ಅವತ್ತು ಆ ಹುಡುಗನಿಗೆ ಇದನ್ನು ಯಾಕೆ ಕುಡೀತಿ, ನೀರು ಕುಡಿ ಅಂದೆ. "ಶಾಲೆಯ ನೀರು ವಾಸನೆ ಬರ್ತದೆ" ಅಂದ. ಹೋಗಿ ನೋಡಿದೆ. ಟ್ಯಾಂಕಿನ ಮುಚ್ಚಳ ಇಲ್ಲ. ಫಿಲ್ಟರ್ ಉಂಟು, ಯಾರೋ ದಾನಿಗಳು ಕೊಟ್ಟದ್ದು, ಹೆಸರಿನ ಬೋರ್ಡು ಹೊಳೀತಾ ಇದೆ, ಕಾರ್ಟ್ರಿಜ್ ಬದಲಿಸದೆ ಕೆಟ್ಟು ನಿಂತಿದೆ. ನಳ್ಳಿಯ ಹತ್ತಿರ ಪಾಚಿ. ಟೀಚರುಗಳು ಮನೆಯಿಂದ ಬಾಟ್ಲಿ ತರುತ್ತಾರೆ. ಸ್ಥಿತಿವಂತರ ಮಕ್ಕಳೂ ತರುತ್ತಾರೆ. ಬಾಟ್ಲಿ ಇಲ್ಲದವರು ಬೇಸಗೆಯಲ್ಲಿ ಎಂತ ಮಾಡಬೇಕು? ಮಾರ್ಚ್, ಏಪ್ರಿಲ್‌ನಲ್ಲಿ ಮಂಗಳೂರಿನ ಸೆಕೆ ಹೇಗೆ ಅಂತ ನಿಮಗೆ ಗೊತ್ತು. ತುಂಬೆ ಡ್ಯಾಮಿನ ನೀರು ಇಳಿದು 2019ರಲ್ಲಿ ಇಡೀ ನಗರಕ್ಕೆ ಪಾಳಿ ಪ್ರಕಾರ ನೀರು ಬಿಟ್ಟದ್ದೂ ನೆನಪಿರಬಹುದು. ಅದೇ ವರ್ಷ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲೂ "ವಾಟರ್ ಬೆಲ್" ಅಂತ ಶುರು ಮಾಡಿದರು, ನೀರು ಕುಡಿಯಲು ಗಂಟೆ ಬಾರಿಸುವುದು. ಗಂಟೆ ಬಾರಿಸಿದರೆ ಸಾಕಾ? ನಳ್ಳಿಯಲ್ಲಿ ನೀರು ಬೇಡವಾ?

ಶಾಲೆ ಮತ್ತು ನೀರು ಅಂದರೆ ನಮಗೆ ಬರೀ ಸೌಕರ್ಯದ ಪ್ರಶ್ನೆ ಅಲ್ಲ. ಬಾಬಾಸಾಹೇಬರು ಶಾಲೆಯ ನಳ್ಳಿಯನ್ನು ಮುಟ್ಟುವ ಹಾಗಿರಲಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ಬಾಯಾರಿಕೊಂಡೇ ಇರಬೇಕು. ಅವರೇ ಬರೆದಿಟ್ಟಿದ್ದಾರೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಅವರು ಬೊಗಸೆಯಲ್ಲಿ ಎತ್ತಿದ್ದು ನೀರನ್ನು. ನಮ್ಮ ಚಳವಳಿಯೇ ಒಂದು ಬೊಗಸೆ ನೀರಿನಿಂದ ಶುರುವಾದದ್ದು. ಅದಕ್ಕೂ ಮೊದಲು, 1897ರಲ್ಲಿ, ಇದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಿ ನಮ್ಮ ಹಿರಿಯರನ್ನು ಶಾಲೆಯ ಒಳಗೆ ಕೂರಿಸಿದರು. ಶಾಲೆಯ ಒಳಗೆ ಬಂದು ನೂರು ವರ್ಷ ದಾಟಿತು. ನೀರಿನ ಹತ್ತಿರ ಇನ್ನೂ ಪೂರ್ತಿ ತಲುಪಿಲ್ಲ. 2022ರ ಆಗಸ್ಟ್‌ನಲ್ಲಿ ರಾಜಸ್ಥಾನದ ಜಾಲೋರ್ ಜಿಲ್ಲೆಯಲ್ಲಿ ಒಂಬತ್ತು ವರ್ಷದ ದಲಿತ ಹುಡುಗ ತೀರಿಕೊಂಡ. ಶಿಕ್ಷಕರ ಮಡಕೆಯ ನೀರು ಮುಟ್ಟಿದ್ದಕ್ಕೆ ಹೊಡೆದರು ಅನ್ನುವುದು ಮನೆಯವರ ದೂರು. ಸ್ವಾತಂತ್ರ್ಯದ 75ನೇ ವರ್ಷದ ಆಚರಣೆಯ ವಾರ ಅದು.

ಹಾಗಾಗಿ ನಾನು ಹೇಳುವುದು ಇಷ್ಟೇ. ಸರಕಾರ ನಮ್ಮ ಮಗುವಿನ ಕೈಯಿಂದ ಬಾಟ್ಲಿ ತೆಗೆಯಲಿ. ಆದರೆ ಆ ಕೈ ಖಾಲಿ ಇರಬಾರದು. ಎಲ್ಲ ಮಕ್ಕಳೂ ಒಂದೇ ನಳ್ಳಿಯಿಂದ, ಒಂದೇ ಲೋಟದಿಂದ ಕುಡಿಯುವ ಚೊಕ್ಕ ನೀರು ಮೊದಲು ಅಲ್ಲಿಗೆ ಬರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಎಲ್ಲ ಮಕ್ಕಳಿಗೆ ಸುರಕ್ಷಿತ ಕುಡಿಯುವ ನೀರು ಅಂತ ಬರೆದಿದೆ. ನೀರು ಕೊಡದೆ ಬಾಟ್ಲಿ ಮಾತ್ರ ಕಿತ್ತುಕೊಂಡರೆ ಅದು ಆರೋಗ್ಯ ಅಲ್ಲ, ಬಡ ಮಕ್ಕಳಿಗೆ ಇನ್ನೊಂದು ಶಿಕ್ಷೆ.

ನಮ್ಮ ಬೇಡಿಕೆಗಳು:

1. ನಗರದ ಪ್ರತಿ ಸರಕಾರಿ, ಅನುದಾನಿತ ಶಾಲೆಯ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ವರದಿಯನ್ನು ಶಾಲೆಯ ಗೋಡೆಗೆ ಹಚ್ಚಬೇಕು. ದಾನಿಗಳ ಫಿಲ್ಟರ್ ಸಾಲದು, ಅದರ ನಿರ್ವಹಣೆಗೆ ವರ್ಷ ವರ್ಷ ಹಣ ಇಡಬೇಕು.

2. 2020ರ ನಿಯಮವನ್ನು ಎಲ್ಲ ಶಾಲೆಗೂ ಒಂದೇ ರೀತಿ ಜಾರಿ ಮಾಡಬೇಕು. ಶುಗರ್ ಬೋರ್ಡ್ ಕನ್ನಡದಲ್ಲಿ, ಸರಕಾರಿ ಶಾಲೆಯ ಗೋಡೆಯಲ್ಲೂ ಬರಬೇಕು.

3. 50 ಮೀಟರ್ ಒಳಗಿನ ಕಂಪನಿ ಬೋರ್ಡುಗಳನ್ನು ಕಂಪನಿಯ ಖರ್ಚಿನಲ್ಲೇ ತೆಗೆಸಬೇಕು. ದಂಡ ಕಂಪನಿಗೆ.

4. ಗೂಡಂಗಡಿಯವರನ್ನು ಎಬ್ಬಿಸಬಾರದು. ಮಜ್ಜಿಗೆ, ಹಣ್ಣು, ಬೇಯಿಸಿದ ಕಡಲೆ ಮಾರಲು ಪಾಲಿಕೆ ಅವರಿಗೆ ಫ್ರಿಜ್ ಕೊಡಲಿ. ಕಂಪನಿಗೆ ಕೊಡಲಿಕ್ಕೆ ಆಗುವುದು ಸರಕಾರಕ್ಕೆ ಯಾಕೆ ಆಗದು?

5. ಮಕ್ಕಳ ಚೀಲ ತಪಾಸಣೆ ಬೇಡ. ಅಸೆಂಬ್ಲಿಯಲ್ಲಿ ನಿಲ್ಲಿಸಿ ಅವಮಾನ ಮಾಡುವುದು ಬೇಡ. ನಮ್ಮ ಮಕ್ಕಳ ಚೀಲ ಮಾತ್ರ ತೆರೆಯುತ್ತಾರೆ ಅಂತ ನಮಗೆ ಚೆನ್ನಾಗಿ ಗೊತ್ತು.

6. ಬೆಳಗ್ಗೆ ಹಸಿದು ಬರುವ ಮಕ್ಕಳಿಗೆ ಶಾಲೆಯಲ್ಲೇ ತಿಂಡಿ. ಹಾಲು, ಮೊಟ್ಟೆ ಯಾವ ನೆಪಕ್ಕೂ ಕಡಿಮೆ ಆಗಬಾರದು.

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ನಾನು ಯಾರ ಸಾಲಲ್ಲೂ ಹೋಗಿ ನಿಂತಿಲ್ಲ. ಎರಡು ಬೆರಳಿಲ್ಲದ ನನ್ನ ಅಮ್ಮನ ಕಾಲು ದಿನಾ ನೋಡ್ತೇನೆ. ಆ ಗೇಟಿನ ಹತ್ತಿರದ ಹುಡುಗನಿಗೆ ಅದು ಬರಬಾರದು, ಅಷ್ಟೇ.

ಭಾನುವಾರ ಪುರುಸೊತ್ತು ಮಾಡಿಕೋ. ಶಾಲೆಗೆ ರಜೆ ಇರುತ್ತದೆ, ಎಸ್‌ಡಿಎಂಸಿಯವರ ಹತ್ತಿರ ಬೀಗದ ಕೈ ಕೇಳೋಣ. ನಮ್ಮ ವಾರ್ಡಿನ ಶಾಲೆಗಳ ನೀರಿನ ಟ್ಯಾಂಕಿನ ಮೇಲೆ ಹತ್ತಿ ನೋಡೋಣ. ನಾನು ಏಣಿ ಹಿಡಿಯುತ್ತೇನೆ, ಮೊಣಕಾಲು ಕೇಳುವುದಿಲ್ಲ, ನೀನು ಹತ್ತು. ಓದಿದ ಉಳಿದವರೂ ನಿಮ್ಮ ಊರಿನ ಶಾಲೆಯ ನಳ್ಳಿಯ ಫೋಟೋ ಕೆಳಗೆ ಹಾಕಿ. ಮಕ್ಕಳ ಮುಖ ಬೇಡ, ನಳ್ಳಿ ಮಾತ್ರ. ಎಲ್ಲ ಸೇರಿಸಿ ಮನವಿ ಜೊತೆ ಜಿಲ್ಲಾಧಿಕಾರಿ ಕಚೇರಿಗೆ ಕೊಡೋಣ.

ಜೈ ಭೀಮ್.